ಒಂದೂವರೆ ಅಡಿ ಮತ್ತು ಬಾಲದ ಚುಕ್ಕಿ

ಆಂಡರ್ಸನ್‌ಪೇಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ಶ್ರೀರಾಮಪ್ಪನವರು. ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಒಂದೇ ಕೈಯಲ್ಲಿ ಹಿಡಿದರೆ ಕಾಫಿ ಪಂಚೆಯ ಮೇಲೆ ಬೀಳುತ್ತಿತ್ತು. ಮನೆ ನೋಡಲು ಬಂದ ದಿನವೇ ನಾನು ಅದನ್ನು ಗಮನಿಸಿ, ಕುಡಿತದ ಕೈ ಅಂದುಕೊಂಡೆ. ಮೂರು ತಿಂಗಳ ಕೂಸು ಕಟ್ಟಿಕೊಂಡು ಇಂಥವರ ಮನೆಗೆ ಬರುವುದು ಹೇಗೆ ಅಂತ ವಾಪಸು ಹೋಗುವಾಗ ರೈಲಿನಲ್ಲಿ ಬಂಗಾರಪೇಟೆ ತನಕ ನಮ್ಮವರ ಜೊತೆ ವಾದಿಸಿದೆ. ಆಮೇಲೆ ತಿಳಿಯಿತು, ಅವರು ಹೆಂಡ ಮುಟ್ಟಿದವರಲ್ಲ. ಅವರ ತಂದೆಗೂ ನಲವತ್ತು ದಾಟಿದ ಮೇಲೆ ಹೀಗೇ ಕೈ ನಡುಗುತ್ತಿತ್ತಂತೆ.

ಅವರ ಊರು ಬಂಗಾರಪೇಟೆ ಪಕ್ಕದ ಒಂದು ಹಳ್ಳಿ. ಅಣ್ಣತಮ್ಮಂದಿರು ರಾಗಿ, ಹಸು, ಹಾಲಿನ ಡೈರಿ ಅಂತ ಅಲ್ಲೇ ಇದ್ದರು. ಇವರೊಬ್ಬರು ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಹಿಂದೆ ಬಂದು ಚಿನ್ನದ ಗಣಿ ಸೇರಿದರು. ವೈಂಡಿಂಗ್ ಮನೆಯಲ್ಲಿ ಇಂಜಿನ್ ಒರೆಸುವ ಕೆಲಸದಿಂದ ಶುರುಮಾಡಿ ಹತ್ತು ವರ್ಷಕ್ಕೆ ಡ್ರೈವರ್ ಆದರು. ಅಂದರೆ ಬಸ್ಸಿನ ಡ್ರೈವರ್ ಅಲ್ಲ. ಆಳುಗಳನ್ನು ಭೂಮಿಯೊಳಕ್ಕೆ ಇಳಿಸಿ ಎತ್ತುವ ಕೇಜು ಇರುತ್ತದೆ. ಅದರ ಉಕ್ಕಿನ ಹಗ್ಗವನ್ನು ಸುತ್ತುವುದಕ್ಕೆ ಆಳೆತ್ತರದ ಉರುಳೆ, ಆ ಉರುಳೆಗೊಂದು ಇಂಜಿನ್. ಅದರ ಡ್ರೈವರ್. ನನಗೆ ಬಹಳ ದಿನ ನಂಬಲಾಗದಿದ್ದ ಸಂಗತಿ ಏನೆಂದರೆ, ಆ ಡ್ರೈವರಿಗೆ ಕೇಜು ಕಾಣಿಸುವುದೇ ಇಲ್ಲ. ಅವನು ಬೇರೆ ಕಟ್ಟಡದಲ್ಲಿ ಕೂತಿರುತ್ತಾನೆ. ಕೇಜು ನಿಲ್ಲುವ ಕಡೆ ಇರುವ ಬೆಲ್‌ಮ್ಯಾನ್ ಗಂಟೆ ಹೊಡೆಯುತ್ತಾನೆ, ಎದುರಿಗಿನ ಮುಳ್ಳು ಎಷ್ಟು ಆಳ ಅಂತ ತೋರಿಸುತ್ತದೆ, ಉರುಳೆಯ ಅಂಚಿಗೆ ಬಿಳಿ ಬಣ್ಣದ ಗುರುತುಗಳಿರುತ್ತವೆ. ಅಷ್ಟನ್ನೇ ನಂಬಿಕೊಂಡು, ಹದಿನಾಲ್ಕು ಜನ ನಿಂತ ಕೇಜಿನ ನೆಲವನ್ನು ಹೊರಗಿನ ನೆಲಕ್ಕೆ ಸಮನಾಗಿ ತಂದು ನಿಲ್ಲಿಸಬೇಕು.

ಹದಿನೇಳು ವರ್ಷ ಹಾಗೆ ನಿಲ್ಲಿಸಿದರು. ತೊಂಬತ್ತೆರಡರಲ್ಲಿ ಒಂದು ಬೆಳಿಗ್ಗೆ ಬ್ರೇಕಿನ ಹಿಡಿಯ ಮೇಲೆ ಕೈ ನಡುಗಿ, ಕೇಜು ನಿಲ್ಲಬೇಕಾದ ಜಾಗವನ್ನು ಒಂದೂವರೆ ಅಡಿ ದಾಟಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆಳುಗಳು ಬೈದುಕೊಂಡು ಕೆಳಕ್ಕೆ ಹಾರಿ ಹೋದರು. ಆದರೆ ಪಾಳಿಯ ರಿಜಿಸ್ಟರಿನಲ್ಲಿ ಡ್ರೈವರ್ ಹೆಸರು, ಬೆಲ್‌ಮ್ಯಾನ್ ಹೆಸರು ಬರೆದ ಸಾಲಿನ ಕೊನೆಗೆ ಷರಾ ಅಂತ ಒಂದು ಕಾಲಂ ಇರುತ್ತದಂತೆ. ಅಲ್ಲಿ ‘ಒಂದೂವರೆ ಅಡಿ’ ಅಂತ ಬಿತ್ತು. ಮೆಡಿಕಲ್ ಆಯಿತು. ಅವರನ್ನು ಸ್ಟೋರಿಗೆ ಹಾಕಿದರು. ಮೂರು ವರ್ಷ ಅಲ್ಲಿ ನಟ್ಟು ಬೋಲ್ಟು ಎಣಿಸಿ, ಸ್ವಂತ ಇಚ್ಛೆಯ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತರು.

ಆ ದಿನ ಗಂಟೆಯ ಹತ್ತಿರ ಇದ್ದವರು ಸೊಣ್ಣಪ್ಪ ಅಂತ. ಚಾಂಪಿಯನ್ ರೀಫ್ಸಿನಲ್ಲಿ ಗಣಿ ಆಳುಗಳ ಲೈನ್ ಮನೆಯಲ್ಲಿದ್ದ ಹಳೇ ಸ್ನೇಹಿತರು. ಅವತ್ತಿನಿಂದ ಅವರು ಶ್ರೀರಾಮಪ್ಪನವರನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದರು. ಗೇಟಿನಿಂದಲೇ, “ಏನ್ಲಾ ಒಂದೂವರೆ, ಮನೇಲಿದೀಯಾ?” ಅನ್ನುವರು. ಇವರು ನಕ್ಕು, “ಬಾರ್ಲಾ, ಎಲ್ಲೋಗ್ಲಿ” ಅನ್ನುವರು. ಆ ನಗು ನನಗೆ ಸರಿಬೀಳುತ್ತಿರಲಿಲ್ಲ.

ತೊಂಬತ್ತೇಳರ ಮಾರ್ಚಿನಲ್ಲಿ ಆಕಾಶದಲ್ಲಿ ಧೂಮಕೇತು ಬಂತು. ಪೇಪರಿನವರು ಹೇಲ್-ಬಾಪ್ ಅಂತ ಬರೆದರು, ನಮ್ಮ ಬೀದಿಯವರು ಬಾಲದ ಚುಕ್ಕಿ ಅಂದರು. ದೀಪ ಹಚ್ಚುವ ಹೊತ್ತಿಗೆ ವಾಯವ್ಯದಲ್ಲಿ ಕಾಣಿಸಿಕೊಂಡು, ಒಂದೆರಡು ಗಂಟೆಯಲ್ಲಿ, ಚಿನ್ನ ತೆಗೆದು ಉಳಿದ ಗಣಿಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಹಿಂದಕ್ಕೆ ಇಳಿದುಹೋಗುತ್ತಿತ್ತು. ನಮ್ಮವರು ಬಂಗಾರಪೇಟೆಯ ಒಂದು ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಲ್ಲಿ ಬೀರುವಿನ ಮೇಲೆ ಬಿದ್ದಿದ್ದ ಟೆಲಿಸ್ಕೋಪನ್ನು ಹೆಡ್‌ಮಾಸ್ಟರ ಹತ್ತಿರ ಕೇಳಿ, ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ತಂದರು. ಏಪ್ರಿಲ್ ಹತ್ತಕ್ಕೆ ಸ್ಟಾಕ್ ಚೆಕಿಂಗ್ ಇತ್ತು. ಅಷ್ಟರೊಳಗೆ ಅದು ಬೀರುವಿಗೆ ವಾಪಸು ಹೋಗಬೇಕು. ನನ್ನ ತಮ್ಮನ ರಷ್ಯದ ಕ್ಯಾಮೆರಾ ನಮ್ಮಲ್ಲೇ ಇತ್ತು, ಇಟ್ಟಿಗೆಯಷ್ಟು ಭಾರದ್ದು. ಟೆಲಿಸ್ಕೋಪಿನ ಬಾಲಕ್ಕೆ ಕ್ಯಾಮೆರಾ ಸಿಕ್ಕಿಸಿ ಚುಕ್ಕಿಯ ಫೋಟೋ ತೆಗೆಯುವುದು ಅಂತ ಯೋಚನೆ.

ದೊಡ್ಡ ಕೊಳವೆಯ ಹಿಂದಿನ ತುದಿಯಲ್ಲಿ ಒಂದು ಚಿಕ್ಕ ಕೊಳವೆ ಒಳಹೊರಗೆ ಜಾರುತ್ತದೆ. ಕ್ಯಾಮೆರಾ ಅದಕ್ಕೆ ಕೂರುತ್ತದೆ. ಚಿಕ್ಕ ಕೊಳವೆ ಕೂದಲೆಳೆಯಷ್ಟು ಆಚೀಚೆಯಾದರೆ ನಕ್ಷತ್ರ ಚುಕ್ಕಿಯಾಗಿರದೆ ಹತ್ತಿಯ ಉಂಡೆಯಾಗುತ್ತದೆ. ಸ್ಕೂಲಿನ ಆ ಟೆಲಿಸ್ಕೋಪಿನಲ್ಲಿ ಚಿಕ್ಕ ಕೊಳವೆಯನ್ನು ನಡೆಸುವ ಹಲ್ಲುಪಟ್ಟಿ ಸವೆದುಹೋಗಿತ್ತು. ತಿರುಪು ತಿರುಗಿಸಿದರೆ ಕಟಕಟ ಅಂತ ಸದ್ದಾಗುತ್ತಿತ್ತೇ ವಿನಾ ಕೊಳವೆ ಅಲುಗುತ್ತಿರಲಿಲ್ಲ. ಕೈಯಲ್ಲೇ ತಳ್ಳಿದರೆ ನಕ್ಷತ್ರ ಕುಣಿಯುತ್ತಿತ್ತು.

ಶ್ರೀರಾಮಪ್ಪನವರು ಅದನ್ನು ಎರಡು ದಿನ ಬರೀ ನೋಡಿದರು. ಮೂರನೇ ದಿನ ಹಲ್ಲುಪಟ್ಟಿ ಕಿತ್ತುಹಾಕಿ, ಹಳೆಯ ಟೇಪ್‌ರೆಕಾರ್ಡರಿನ ಮೋಟರು, ಗಡಿಯಾರದ ಹಲ್ಲುಚಕ್ರ ಮತ್ತು ಪರಿಚಯದವರ ಲೇತಿನಲ್ಲಿ ಕಡೆಸಿದ ಬೆರಳುದ್ದದ ಉಕ್ಕಿನ ರೋಲರು ತಂದರು. ಒಂದು ಸ್ಪ್ರಿಂಗು ರೋಲರನ್ನು ಕೊಳವೆಗೆ ಒತ್ತಿ ಹಿಡಿಯುತ್ತದೆ. ಮೋಟರು ಚಕ್ರವನ್ನು ತಿರುಗಿಸಿದರೆ ಚಕ್ರ ರೋಲರನ್ನು ತಿರುಗಿಸಬೇಕು, ರೋಲರು ಕೊಳವೆಯನ್ನು ಒಳಕ್ಕೋ ಹೊರಕ್ಕೋ ನಡೆಸಬೇಕು. ಮೋಟರಿನಿಂದ ಎರಡು ಮಾರು ವೈರು, ಅದರ ತುದಿಗೆ ಎರಡು ಗುಂಡಿ.

“ನಡುಗೋ ಕೈಲೂ ಗುಂಡಿ ಒತ್ತಬೋದು ಅಮ್ಮಯ್ಯ,” ಅಂದರು. “ಒಂದೇ ಸಲ ಸಾಕು ನಂಗೆ. ಒಂದು ಸಾಮಾನ ಅದರ ಜಾಗಕ್ಕೆ ಸರ್ಯಾಗಿ ತಂದು ನಿಲ್ಲಿಸ್ಬೇಕು. ಆಮೇಲೆ ಇಸ್ಕೂಲೋರು ತಕ್ಕೊಂಡೋಗ್ಲಿ.”

ಹಗಲು ಮಹಡಿಯ ಮೇಲೆ ಟೆಲಿಸ್ಕೋಪನ್ನು ಮಲಗಿಸಿ ದೂರದ ಲೈಟುಕಂಬಕ್ಕೆ ಗುರಿಯಿಟ್ಟು ನೋಡಿದೆವು. ಕೊಳವೆ ಒಳ್ಳೇ ರೈಲಿನಂತೆ ಹೋಗಿ ಬಂತು. ಆ ಸಂಜೆ ಅವರು ಸ್ನಾನ ಮಾಡಿ, ಗಣಿಯಲ್ಲಿ ಹೊಸ ಸಾಮಾನು ಕೂರಿಸಿದ ದಿನ ಮಾಡುತ್ತಿದ್ದ ಹಾಗೆ, ಉಕ್ಕಿನ ಭಾಗಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕುಂಕುಮವಿಟ್ಟು, ನಿಂಬೆಹಣ್ಣು ನಿವಾಳಿಸಿದರು. ಆಮೇಲೆ ಕ್ಯಾಮೆರಾ ಸಿಕ್ಕಿಸಿ, ಕೊಳವೆಯನ್ನು ಆಕಾಶಕ್ಕೆ ಎತ್ತಿದರು. ಗುಂಡಿ ಒತ್ತಿದರೆ ಮೋಟರು ಗುಂಯ್ ಅಂದಿತು. ಕ್ಯಾಮೆರಾ ಮೇಲಕ್ಕೆ ಹೋಗುವ ಬದಲು ಮೆಲ್ಲಗೆ ಕೆಳಕ್ಕೆ ಜಾರಿ, ಕೊಳವೆಯ ಕೊನೆಗೆ ಬಂದು ನಿಂತಿತು. ಚುಕ್ಕಿ ದಿಬ್ಬದ ಹಿಂದಕ್ಕೆ ಇಳಿಯಿತು.

“ಶಕ್ತಿ ಸಾಲ್ದು,” ಅಂದರು. ಮಾರನೇ ದಿನ ನಾಲ್ಕು ಟಾರ್ಚ್ ಸೆಲ್ಲಿದ್ದ ಕಡೆ ಆರು ಹಾಕಿದರು. ಮೋಟರು ಬಿಸಿಯಾಗಿ ಸುಟ್ಟ ವಾಸನೆ ಬಂತು. ನಾನು ಮಗುವನ್ನು ಎತ್ತಿಕೊಂಡು ಕೆಳಗೆ ಬಂದೆ. ಕ್ಯಾಮೆರಾ ಅವತ್ತೂ ಜಾರಿತು.

ಎರಡು ಸಂಜೆ ಮೋಡ. ಏಪ್ರಿಲ್ ಐದರ ಬೆಳಿಗ್ಗೆ ಅವರು ಎಲ್ಲವನ್ನೂ ಬಿಚ್ಚಿ ಚಾಪೆಯ ಮೇಲೆ ಹರವಿಕೊಂಡು ಕೂತಿದ್ದರು. ಚಕ್ರವನ್ನು ರೋಲರಿನ ಕಂಬಿಗೆ ಬಿಗಿಯುವ ಅಕ್ಕಿಕಾಳಿನಷ್ಟು ಸ್ಕ್ರೂ ಇರಲಿಲ್ಲ. ಚಕ್ರ ತಾನೊಂದೇ ತಿರುಗುತ್ತಿದೆ, ಕಂಬಿ ತಿರುಗುತ್ತಿಲ್ಲ, ಸಿಕ್ಕಿತು ರೋಗ ಅಂತ ಅವರಿಗೆ ಸಮಾಧಾನ. ನಾನು ಮಗುವಿನ ಕಡೆಗೆ ಓಡಿದೆ. ಹಿಂದಿನ ಸಂಜೆ ಮಗು ಅದೇ ಮಹಡಿಯ ಮೇಲೆ ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡಿತ್ತು. ಮಗುವಿನ ಬಾಯಿಗೆ ಬೆರಳು ಹಾಕಿ ನೋಡಿದೆ, ಹೊಟ್ಟೆ ಒತ್ತಿ ನೋಡಿದೆ, ಎಕ್ಸ್‌ರೇ ಎಲ್ಲಿ ತೆಗೆಯುತ್ತಾರೆ ಅಂತ ಕೇಳಿದೆ. ಶ್ರೀರಾಮಪ್ಪನವರ ಹೆಂಡತಿ ಗಂಗರತ್ನಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು.

“ಇಸ್ಕ್ರೂವಾ? ದೇವ್ರ ಮುಂದೆ ಬಟ್ಲಲ್ಲಿ ಐತೆ ನೋಡೋಗು.”

ದೇವರ ಗೂಡಿನಲ್ಲಿ ಒಂದು ಹಿತ್ತಾಳೆ ಬಟ್ಟಲು. ಅದರೊಳಗೆ ನಾನಾ ಸ್ಕ್ರೂ, ನಟ್ಟು, ವಾಷರು, ಒಂದು ಕೈಗಡಿಯಾರದ ಕೀಲಿ. ಮೇಲೇ ಕೂತಿತ್ತು ನಮ್ಮದು.

“ಕಸ ಗುಡಿಸ್ವಾಗ ಸಿಕ್ತು. ಡ್ರೈವರ ಮನೇಲಿ ಬಿದ್ದಿದ್ದ ಇಸ್ಕ್ರೂವ ಕಸಕ್ಕಾಕಲ್ಲ ನಾವು. ನಮ್ಮತ್ತೆ ಯೋಳ್ಕೊಟ್ಟಿದ್ದು. ಎಲ್ಲಿಂದ ಬಿತ್ತೋ, ಅದ್ರ ಮೇಲೆ ಎಷ್ಟು ಜನ ತೂಗ್ತಾ ಅವ್ರೋ, ಯಾರ್ಗೊತ್ತು?”

“ಮೊದಲೇ ಹೇಳಬಾರದಿತ್ತಾ ಅಮ್ಮ?” ಅಂದೆ.

“ಕೇಳಿದ್ರೆ ತಾನೆ ಯೋಳೋದು. ನೀನು ಕೂಸಿನ ಬಾಯ್ಗೆ ಕೈಯಾಕ್ಕೊಂಡು ಕೂತಿದ್ದೆ.”

ಸ್ಕ್ರೂ ಬಿಗಿದಾಯಿತು. ಆ ಸಂಜೆ ಚಕ್ರವೂ ತಿರುಗಿತು, ರೋಲರೂ ತಿರುಗಿತು. ಕೊಳವೆ ಮಾತ್ರ ಜಾರಿತು. ಶ್ರೀರಾಮಪ್ಪನವರು ಸ್ಪ್ರಿಂಗನ್ನು ಬಿಗಿ ಮಾಡಿದರು. ಹೆಚ್ಚು ಬಿಗಿದರೆ ಮೋಟರು ನಿಂತುಬಿಡುತ್ತಿತ್ತು. ಒಂದು ಸುತ್ತು ಸಡಿಲಿಸಿದರೆ ರೋಲರು ಬರಿದೇ ಸುತ್ತುತ್ತಿತ್ತು, ಕ್ಯಾಮೆರಾ ಕೆಳಕ್ಕೆ. ಎಂಟೂವರೆ ತನಕ ಹಾಗೇ ನಡೆಯಿತು. ಬಂದಿದ್ದ ಸೊಣ್ಣಪ್ಪ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತಿದ್ದವರು, “ಬಿಡ್ಲಾ ಒಂದೂವರೆ. ಇದೂ ದಾಟೇ ನಿಲ್ಲೋದು,” ಅಂದು ಎದ್ದುಹೋದರು. ಅವತ್ತು ಇವರು ನಗಲಿಲ್ಲ. ಗುಂಡಿಯ ಡಬ್ಬಿಗೆ ವೈರು ಸುತ್ತಿ ಒಳಗಿಟ್ಟರು. ಸುತ್ತುವಾಗ ವೈರು ಎರಡು ಸಲ ಕೈಜಾರಿತು. ನಾಳೆ ಇದನ್ನೆಲ್ಲ ಬಿಚ್ಚಿ ಸ್ಕೂಲಿನ ಸಾಮಾನು ಸ್ಕೂಲಿಗೆ ಇದ್ದ ಹಾಗೆ ಜೋಡಿಸಿಬಿಡುತ್ತೇನೆ, ಮೇಷ್ಟ್ರಿಗೆ ಹೇಳಿ ಅಂದರು. ನಾನು ಹೇಳಲಿಲ್ಲ. ಅವರೂ ಬಿಚ್ಚಲಿಲ್ಲ.

ಎಂಟನೇ ತಾರೀಖು ಯುಗಾದಿ. ಬೆಳಿಗ್ಗೆ ಮನೆಯವರಿಗೆಲ್ಲ ಹರಳೆಣ್ಣೆ. ಶ್ರೀರಾಮಪ್ಪನವರು ಮೈಗೆ ಎಣ್ಣೆ ಹಚ್ಚಿಸಿಕೊಂಡು ತುಂಡು ಪಂಚೆಯಲ್ಲಿ ಹಿತ್ತಲ ಕಟ್ಟೆಯ ಮೇಲೆ ನೀರು ಕಾಯುವುದನ್ನು ನೋಡುತ್ತ ಕೂತಿದ್ದರು. ಮಗುವಿನ ಎಣ್ಣೆಸ್ನಾನ ನನ್ನಿಂದಾಗದ ಕೆಲಸ. ಗಂಗರತ್ನಮ್ಮನವರೇ ಮಣೆಯ ಮೇಲೆ ಕಾಲು ಚಾಚಿ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಿದ್ದರು. ಮಗು ಒಂದು ಸಲ ಬೆನ್ನು ಬಾಗಿಸಿ ಕೊಸರಿತು, ಅವರ ಕೈಯಿಂದ ಸರ್ ಅಂತ ಜಾರಿತು. ನಾನು ಓಡಿ ಹಿಡಿದುಕೊಂಡೆ. ನನ್ನ ಕೈಯಿಂದಲೂ ಜಾರಿತು. ಕೊನೆಗೆ ಅವರ ಮಡಿಲಿಗೇ ಬಿತ್ತು.

“ಅದ್ಕ್ಯಾಕಂಗೆ ಅದುಮ್ತೀಯಾ,” ಅಂದರು ಗಂಗರತ್ನಮ್ಮ. “ಎಣ್ಣೆ ಕೂಸು ಕಣಮ್ಮ ಇದು. ಬಿಗಿಯಾಗಿ ಇಡಿದಷ್ಟೂ ಜಾರ್ತದೆ.”

ಕಟ್ಟೆಯ ಮೇಲಿದ್ದ ಶ್ರೀರಾಮಪ್ಪನವರು ತಿರುಗಿ ನೋಡಿದರು. ಮಗುವನ್ನಲ್ಲ, ಹೆಂಡತಿಯ ಕೈಯನ್ನು. ಆಮೇಲೆ ಹಾಗೇ ಎದ್ದು, ಎಣ್ಣೆ ಮೈಯಲ್ಲೇ ಮಹಡಿ ಹತ್ತಿದರು.

ಸ್ವಲ್ಪ ಹೊತ್ತಿಗೆ ರೋಲರು ಮತ್ತು ಚಿಕ್ಕ ಕೊಳವೆಯನ್ನು ಹಿಡಿದುಕೊಂಡು ಇಳಿದು ಬಂದರು. ಕೊಳವೆಯ ಮೇಲೆ ಬೆರಳು ಎಳೆದು ನನಗೆ ತೋರಿಸಿದರು. ಅವರ ಬೆರಳೂ ಎಣ್ಣೆ, ಕೊಳವೆಯೂ ಎಣ್ಣೆ, ನನಗೆ ಏನೂ ತಿಳಿಯಲಿಲ್ಲ.

“ಪೂಜೆ ದಿನ ನಾನೇ ಆಕಿದ್ದು ಅಮ್ಮಯ್ಯ, ಅಳ್ಳೆಣ್ಣೆ. ಕಬ್ಬಿಣ ಕಂಡ್ರೆ ಎಣ್ಣೆ ಆಕೋ ಕೈ ಇದು. ಇದನ್ನ ಬೇರಿಂಗು ಅಂದ್ಕೊಂಡೆ. ಇದು ಬೇರಿಂಗಲ್ಲ, ಬ್ರೇಕು.”

ವೈಂಡಿಂಗ್ ಮನೆಯಲ್ಲಿ ಎಲ್ಲಕ್ಕೂ ಎಣ್ಣೆ ಕುಡಿಸುತ್ತಾರಂತೆ, ಉರುಳೆಯನ್ನು ಬ್ರೇಕು ಕಚ್ಚಿ ಹಿಡಿಯುವ ಅಂಚೊಂದನ್ನು ಬಿಟ್ಟು. ಅಲ್ಲಿ ಉಕ್ಕಿಗೆ ಮರ ಉಜ್ಜಿಯೇ ನಿಲ್ಲಬೇಕು. ಒಂದು ತೊಟ್ಟು ಎಣ್ಣೆ ಬಿದ್ದರೂ ಕೇಜು ನಿಲ್ಲುವುದಿಲ್ಲ. ಈ ರೋಲರೂ ಉಜ್ಜಿಕೊಂಡೇ ಕೊಳವೆಯನ್ನು ನಡೆಸಬೇಕಾದದ್ದು. ಹಗಲು ಒಣ ಉಕ್ಕಿನಲ್ಲಿ ನಡೆದದ್ದು, ಸಂಜೆ ಪೂಜೆಯಾದ ಮೇಲೆ ಜಾರಿದ್ದು ಅದಕ್ಕೇ.

“ಬ್ರೇಕಿನ ಅಂಚಿಗೆ ಎಣ್ಣೆ ಡಬ್ಬ ತರಬ್ಯಾಡ್ರೋ ಅಂತ ಹದಿನೇಳು ವರ್ಷ ಎಲ್ಪರುಗಳನ್ನ ಬೈದಿದೀನಿ,” ಅಂದರು. ಅಂದು ಕಟ್ಟೆಯ ಮೇಲೆ ಕೂತರು.

“ಬೈದಿದ್ದು ಸಾಕು. ತತ್ತಾ ಇಲ್ಲಿ,” ಅಂದರು ಗಂಗರತ್ನಮ್ಮ. ಸೀಗೆಪುಡಿ ಕಲಸಿದ್ದ ಬಟ್ಟಲು ಎದುರಿಗೇ ಇತ್ತು. ಮಗುವಿನ ತಲೆಗೆ ಎಷ್ಟೋ ಅಷ್ಟನ್ನೇ ತೆಗೆದು ಕೊಳವೆಗೆ ಮೂರು ಸಲ ತಿಕ್ಕಿ, ಬಿಸಿನೀರು ಹೊಯ್ದು, ರೋಲರಿಗೂ ತಿಕ್ಕಿ, ಮಗುವಿನ ಒಗೆದ ಲಂಗೋಟದಲ್ಲಿ ಒರೆಸಿ ಬಿಸಿಲಿಗಿಟ್ಟರು. ಮಧ್ಯಾಹ್ನ ಒಬ್ಬಟ್ಟಿನ ಊಟವಾದ ಮೇಲೆ ಮುಟ್ಟಿದರೆ ಉಕ್ಕು ಕಿರುಗುಟ್ಟುತ್ತಿತ್ತು.

ಆ ಸಂಜೆ ಮೋಡ ಕಟ್ಟಿತು. ಉಳಿದದ್ದು ಒಂದೇ ಸಂಜೆ.

ಒಂಬತ್ತು, ಹೊಸತೊಡಕು. ಗಂಗರತ್ನಮ್ಮನವರ ಬಾಡೂಟಕ್ಕೆ ಸೊಣ್ಣಪ್ಪ ಬರಲೇಬೇಕು. ಊಟ ಮಾಡಿ, ಜಗಲಿಯ ಮೇಲೆ ಮಲಗಿ ಎದ್ದು, ಹಬ್ಬದ ಚಂದ್ರನನ್ನು ನೋಡಿಕೊಂಡು ಹೋಗುತ್ತೇನೆ ಅಂತ ಉಳಿದರು. ಸುತ್ತಲಿನ ಮಹಡಿಗಳ ಮೇಲೆಲ್ಲ ಜನ. ಪಡುವಣದಲ್ಲಿ ಗೆರೆಯಂಥ ಚಂದ್ರ, ಅದರ ಬಲಕ್ಕೆ ಬಾಲದ ಚುಕ್ಕಿ. ಗಂಗರತ್ನಮ್ಮ ಮಗುವಿನ ಅಂಗಾಲಿಗೆ ಕಾಡಿಗೆಯಿಟ್ಟು ಎತ್ತಿಕೊಂಡಿದ್ದರು. ದಿಬ್ಬದ ಕಡೆಯಿಂದ ಗಾಳಿ ಬರುತ್ತಿತ್ತು. ಆ ಧೂಳು ಒಳ್ಳೆಯದಲ್ಲ ಅಂತ ನಾನು ಮಗುವಿನ ಮುಖಕ್ಕೆ ಸೆರಗು ಮುಚ್ಚಿದೆ.

“ಏನ್ಲಾ ಒಂದೂವರೆ, ಈಗ ಮೇಲಕ್ಕೂ ಕೇಜು ಬಿಡ್ತೀಯಂತೆ?”

“ಬಾ ಇಲ್ಲಿ. ಇದ್ರಲ್ಲಿ ಕಣ್ಣಿಡು.”

“ನಾನ್ಯಾಕ್ಲಾ?”

“ನೋಡ್ತಾ ನೋಡ್ತಾ ಗುಂಡಿ ಒತ್ತಿದ್ರೆ ಕೈ ಕಣ್ಣಿನ ಹಿಂದೆ ಓಗ್ತದೆ. ನಂಗೆ ಬೆಲ್ಲು ಬೇಕು.”

ಸೊಣ್ಣಪ್ಪ ಬೀಡಿ ಆರಿಸಿದರು. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರು. ನಮ್ಮವರು ಟೆಲಿಸ್ಕೋಪನ್ನು ಮೊದಲು ಪಕ್ಕದ ದೊಡ್ಡ ನಕ್ಷತ್ರ ಬ್ರಹ್ಮಹೃದಯಕ್ಕೆ ತಿರುಗಿಸಿ, ಅದು ಎಲ್ಲಕ್ಕಿಂತ ಚಿಕ್ಕದಾದಾಗ ಹೇಳಿ ಅಂದರು. ಶ್ರೀರಾಮಪ್ಪನವರು ವೈರನ್ನು ಎಳೆದುಕೊಂಡು ಹೋಗಿ, ನೀರಿನ ತೊಟ್ಟಿಯ ಗೋಡೆಗೆ ಮುಖಮಾಡಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಬೆನ್ನು ನಮ್ಮ ಕಡೆಗೆ. ನಾನು ಗಂಟೆಗೆ ಅಂತ ಸೊಣ್ಣಪ್ಪನವರ ಕೈಗೆ ಟಿಫನ್ ಡಬ್ಬಿಯ ಮುಚ್ಚಳ, ಒಂದು ಚಮಚ ತಂದುಕೊಟ್ಟೆ.

“ಒಂದಕ್ಕೆ ಎತ್ತು, ಎರಡಕ್ಕೆ ಇಳ್ಸು. ಓಡ್ತಿರೋವಾಗ ಒಂದು ಒಡೆದ್ರೆ ನಿಲ್ಸು,” ಅಂದರು ಸೊಣ್ಣಪ್ಪ, ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಿಲ್ಲದವರ ಹಾಗೆ.

“ಗೊತ್ತು ಒಡಿ.”

ಟಣ್. ಮೋಟರು ಗುಂಯ್ ಅಂದಿತು. ಕ್ಯಾಮೆರಾ ಮೇಲಕ್ಕೆ ಹೊರಟಿತು, ಜಾರಲಿಲ್ಲ. ಟಣ್. ಸದ್ದು ನಿಂತಿತು.

“ದಾಟ್ತು,” ಅಂದರು ಸೊಣ್ಣಪ್ಪ.

ಬಕೆಟ್ಟಿನ ಮೇಲಿನ ಬೆನ್ನು ಅಲುಗಲಿಲ್ಲ. “ಎಷ್ಟು?”

“ಕಡ್ಲೆಕಾಳಷ್ಟಾಯ್ತು ಚುಕ್ಕಿ.”

ಸ್ವಲ್ಪ ಕೆಳಗಿಳಿಸಿದರೆ ಸಾಕಲ್ಲವೇ ಅಂದೆ ನಾನು. “ಬ್ಯಾಡಮ್ಮಯ್ಯ. ಮೇಲಿಂದ ಇಳಿಸಿ ನಿಲ್ಲಿಸಿದ್ರೆ ಚಕ್ರದ ಅಲ್ಲುಗಳ ಸಂದೀಲಿ ಸಡಿಲ ಉಳೀತದೆ. ಆಮೇಲೆ ಭಾರಕ್ಕೆ ಕುಸೀತದೆ. ಪೂರ್ತಿ ಇಳಿಸಿ, ಕೆಳಗಿಂದ್ಲೇ ತರ್ಬೇಕು. ಎರಡೊಡಿ.”

ಟಣ್ ಟಣ್. ಇಳಿಯಿತು. ಟಣ್. ಈ ಸಲ ಅವರು ತಳದಿಂದ ಮೊದಲು ಒಂದೇ ಸಮ ಮೇಲಕ್ಕೆ ಓಡಿಸಿ, ಕೊನೆಯಲ್ಲಿ ಗುಂಡಿಯನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ತಂದರು. ಬೆರಳು ನಡುಗುತ್ತಲೇ ಇತ್ತು. ಆ ನಡುಕವೇ ಗುಂಡಿಯನ್ನು ಸಣ್ಣಸಣ್ಣಗೆ ಒತ್ತುತ್ತಿದೆ ಅನ್ನಿಸಿತು ನನಗೆ. ಪಕ್ಕದ ಮಹಡಿಯವರು ಇಲ್ಲೇನು ಅಂತ ಇಣುಕುತ್ತಿದ್ದರು.

ಟಣ್.

ಸೊಣ್ಣಪ್ಪ ಕಣ್ಣು ತೆಗೆಯಲಿಲ್ಲ. ಅಷ್ಟು ಹೊತ್ತು ತೆಗೆಯದೆ ಇದ್ದದ್ದಕ್ಕೆ ನನಗೆ ಇದೂ ಹೋಯಿತು ಅನ್ನಿಸಿತು.

“ಏನ್ಲಾ?” ಅಂದರು ಶ್ರೀರಾಮಪ್ಪನವರು, ಗೋಡೆಯ ಕಡೆಗೇ.

“ನಿಂತೈತೆ. ಸೂಜಿ ಮೊನೆ.”

ನಮ್ಮವರು ಟೆಲಿಸ್ಕೋಪನ್ನು ಮೆಲ್ಲಗೆ ಧೂಮಕೇತುವಿನ ಕಡೆಗೆ ತಿರುಗಿಸಿದರು. ನಾನು ಕ್ಯಾಮೆರಾದ ಗುಂಡಿಗೆ ಸಿಕ್ಕಿಸಿದ್ದ ತಂತಿಯ ತುದಿಯನ್ನು ಒತ್ತಿ, ನಾಲ್ಕು ಎಣಿಸಿ ಬಿಟ್ಟೆ. ಹಾಗೆ ಏಳು ಫೋಟೋ. ಎಂಟನೆಯದಕ್ಕೆ ಚುಕ್ಕಿ ದಿಬ್ಬದ ಧೂಳಿನೊಳಕ್ಕೆ ಇಳಿದಿತ್ತು. ಶ್ರೀರಾಮಪ್ಪನವರು ಒಂದು ಸಲವೂ ಬಂದು ಕಿಂಡಿಯಲ್ಲಿ ನೋಡಲಿಲ್ಲ.

ಬೆಳಿಗ್ಗೆ ಟೆಲಿಸ್ಕೋಪು ಗೋಣಿಚೀಲದಲ್ಲಿ ರೈಲು ಹತ್ತಿತು, ಮೋಟರಿನ ಸಮೇತ. ಹೊರಡುವ ಮೊದಲು ಶ್ರೀರಾಮಪ್ಪನವರು ನನ್ನ ಕೈಯಲ್ಲಿ ಬಿಳಿ ಬಣ್ಣದಲ್ಲಿ ರೋಲರಿನ ಪಕ್ಕ ಬರೆಸಿದರು: ‘ಇಲ್ಲಿಗೆ ಎಣ್ಣೆ ಹಾಕಬಾರದು, ಆಯುಧಪೂಜೆಗೂ.’

ಫಿಲ್ಮಿನ ಮೊದಲನೇ ಫೋಟೋ ಮಗುವಿನದು, ಹಗಲಿನಲ್ಲಿ ತೆಗೆದದ್ದು. ಕತ್ತಲೆಯ ಫೋಟೋಗಳಲ್ಲಿ ಯಾವುದು ಎಲ್ಲಿ ಮುಗಿಯುತ್ತದೆ ಅಂತ ತಿಳಿಯದೆ ಸ್ಟುಡಿಯೋದವರು ನಡುವೆ ಕತ್ತರಿಸಿಬಿಟ್ಟರೆ ಅಂತ ನನಗೆ ಭಯ. ಮಗುವಿನಿಂದ ಅಳತೆ ಹಿಡಿದುಕೊಳ್ಳಲಿ ಅಂತ ಹಾಗೆ ಮಾಡಿದ್ದೆ. ಲಕೋಟೆಯ ಮೇಲೂ ‘ಕತ್ತರಿಸಬೇಡಿ’ ಅಂತ ಮೂರು ಕಡೆ ಬರೆದೆ. ವಾರವಾದ ಮೇಲೆ ನಮ್ಮವರು ಬಂಗಾರಪೇಟೆಯಿಂದ ಪ್ರಿಂಟು ತಂದರು. ನಾಲ್ಕರಲ್ಲಿ ಟೆಲಿಸ್ಕೋಪು ಗಾಳಿಗೆ ಅಲುಗಿತ್ತು. ಮೂರು ನೆಟ್ಟಗೆ ಬಂದಿದ್ದವು. ಕಪ್ಪಿನಲ್ಲಿ ಒಂದು ಬಿಳಿಯ ತಲೆ, ಹಿಂದಕ್ಕೆ ಬೀಸಿದ ಮೋಟು ಬಾಲ, ಸುತ್ತ ನಾಲ್ಕೈದು ನಕ್ಷತ್ರ, ಮೊನಚಾಗಿ.

ಶ್ರೀರಾಮಪ್ಪನವರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅಲುಗಾಡುತ್ತಿತ್ತು. ಆಮೇಲೆ ಜಗಲಿಯ ಮೇಲಿಟ್ಟು ಬಗ್ಗಿ ನೋಡಿದರು. ಫೋಟೋ ನೋಡಲು ಬಂದಿದ್ದ ಸೊಣ್ಣಪ್ಪ ನನ್ನ ಪೆನ್ನು ಕೇಳಿ, ಬರೆಯಲು ಬಾರದೆ ನನಗೇ ವಾಪಸು ಕೊಟ್ಟು, ಹಿಂದುಗಡೆ ಬರಿ ಅಂದರು.

“ತಾರೀಕು ಆಕಮ್ಮ. ಡ್ರೈವರು ಶ್ರೀರಾಮಪ್ಪ. ಬೆಲ್ಲು ಸೊಣ್ಣಪ್ಪ.”

ಬರೆದೆ. ಷರಾ ಅಂತ ಏನಾದರೂ ಬರೆಯಬೇಕಾ ಅಂತ ಕೇಳಿದೆ.

“ತಪ್ಪಿದ್ರೆ ತಾನೆ ಅಲ್ಲಿ ಬರೆಯೋದು,” ಅಂದರು ಸೊಣ್ಣಪ್ಪ. “ಕಾಲಿ ಬಿಡು.”